ಮಂಕಿಯ ಕಿಟಕಿಯಲ್ಲಿ ಕೆಂಪು ನೀರು

ಗುರುವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಧಾರವಾಡ ಬಿಟ್ಟೆ. ಕೊಂಕಣ ರೈಲು ಓಡಲು ಶುರುವಾಗಿ ಆಗ ನಾಲ್ಕೈದು ವರ್ಷವಾಗಿತ್ತು. ಆದರೆ ನಮ್ಮ ಕಡೆಯಿಂದ ಕುಮಟೆಗೆ ಹೋಗುವವರಿಗೆ ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟದ ಹಳೆಯ ದಾರಿಯೇ ಸರಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಕನ್ನಡಿಯಿಂದ ಬೆಳಕು ಹಿಡಿಯುವ ಸಣ್ಣ ಸೂಕ್ಷ್ಮದರ್ಶಕ, ಉಪ್ಪುನೀರಿನ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ ಮತ್ತು ಆರು ಖಾಲಿ ಬಾಟಲಿಗಳಿದ್ದವು. ಭಾನುವಾರದೊಳಗೆ ಅವುಗಳಲ್ಲಿ ಒಂದಾದರೂ ತುಂಬಬೇಕಿತ್ತು.

ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ಉಪ್ಪಿನ ಆಗರಗಳಲ್ಲಿ ಬೇಸಗೆಯ ಕೊನೆಗೆ ನೀರು ಕೆಂಪಾಗುತ್ತದೆ. ಅದಕ್ಕೆ ಕಾರಣಗಳಲ್ಲಿ ಒಂದು ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ. ಉಪ್ಪು ಕಡಿಮೆ ಇದ್ದಾಗ ಅದು ಹಸಿರು. ಉಪ್ಪು ಮತ್ತು ಬಿಸಿಲು ಏರಿದಂತೆ ತನ್ನ ರಕ್ಷಣೆಗೆ ಗಜ್ಜರಿಯ ಬಣ್ಣವನ್ನೇ ಮೈತುಂಬ ತುಂಬಿಕೊಂಡು ಕೆಂಪಾಗುತ್ತದೆ. ಆ ಬಣ್ಣವನ್ನು ಬೇರ್ಪಡಿಸಿ, ಹಸಿರಿನ ಅಂಶ ಕಳೆದು, ಶುದ್ಧಮಾಡಿ ತುಟಿಗೆ, ಕೆನ್ನೆಗೆ ಹಚ್ಚುವ ಬಣ್ಣ ತಯಾರಿಸಬಹುದೇ ಎಂಬುದು ನನ್ನ ಸಂಶೋಧನೆ. ಹುಬ್ಬಳ್ಳಿಯಲ್ಲಿ ಮುಖದ ಕ್ರೀಮ್ ಮಾಡುವ ಸಣ್ಣ ಕಾರ್ಖಾನೆಯೊಂದರ ಮಾಲೀಕರು ಆಸಕ್ತಿ ತೋರಿಸಿದ್ದರು. ಸೋಮವಾರ ಅವರು ಬಂದು ಜೀವಂತ ಪಾಚಿಯನ್ನು ಕಣ್ಣಾರೆ ನೋಡಿ, ಕೆಲಸ ಮುಂದುವರಿಯಬೇಕೇ ಬೇಡವೇ ಎಂದು ಹೇಳುವವರಿದ್ದರು.

ನೋಡಲು ಏನೂ ಉಳಿದಿರಲಿಲ್ಲ. ಎರಡು ವಾರದ ಹಿಂದೆ, ತೂಕಕ್ಕೆ ಉಪ್ಪು ಸೇರಬಾರದೆಂದು, ಒಂಬತ್ತು ಫ್ಲಾಸ್ಕುಗಳ ಪಾಚಿಯನ್ನೂ ನಾನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದಿದ್ದೆ. ಈ ಪಾಚಿಗೆ ಗಟ್ಟಿ ಹೊರಗೋಡೆ ಇಲ್ಲ. ಸಿಹಿನೀರು ತಾಗಿದರೆ ಒಳಗೆ ನೀರು ನುಗ್ಗಿ ಒಡೆದುಹೋಗುತ್ತದೆ. ಅದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅದನ್ನು ಬರೆದೂ ಇದ್ದೆ. ಆದರೂ ಕೈ ಅಭ್ಯಾಸದಿಂದ ನೀರಿನ ಬಾಟಲಿಯತ್ತ ಹೋಯಿತು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕಿತ್ತಳೆಯ ಕಲೆ ಮಾತ್ರ ಉಳಿಯಿತು. ಸಂಶೋಧನೆಯ ಮಾರ್ಗದರ್ಶಕರಾದ ನಮ್ಮ ಸರ್‌ಗೆ ‘ಬೆಳವಣಿಗೆ ಸ್ವಲ್ಪ ನಿಧಾನ’ ಎಂದೆ. ಆಮೇಲೆ ಕುಮಟೆಯಲ್ಲಿ ಹೊಸ ಮಾದರಿ ಸಂಗ್ರಹಿಸುವುದಿದೆ ಎಂದು ರಜೆ ಕೇಳಿದೆ.

ಘಟ್ಟ ಇಳಿಯುವಾಗ ರಸ್ತೆಯಂಚಿನಲ್ಲಿ ಹಸಿ ಮಣ್ಣು ಜರಿದಿತ್ತು. ಕಂಡಕ್ಟರರನ್ನು ಕೇಳಿದೆ. ‘ಮೊನ್ನೆ ಮಳಿ ಜೋರು ಹೊಡ್ದದೆ ಕೆಳಗೆ’ ಎಂದರು. ಮೇ ತಿಂಗಳ ಮೂರನೇ ವಾರ. ಮಳೆಗಾಲಕ್ಕೆ ಇನ್ನೂ ಹೊತ್ತಿತ್ತು.

ಕುಮಟೆಗೆ ಒಂದೂವರೆಗೆ ಮುಟ್ಟಿದೆ. ಬಸ್ ನಿಲ್ದಾಣದ ಎದುರು ಅನ್ನ, ಮುರುಗಲ ಸಾರು ಊಟ ಮಾಡಿದೆ. ಗೋಕರ್ಣದ ಬಸ್ಸು ಹಿಡಿದು ಸಾಣಿಕಟ್ಟೆಯಲ್ಲಿ ಇಳಿದಾಗ ಮೂರೂಮುಕ್ಕಾಲು. ಅಘನಾಶಿನಿಯ ಹಿನ್ನೀರಿನ ಪಕ್ಕ ಆಗರದ ಮಡಿಗಳು ಕಣ್ಣಿಗೆ ಎಟಕುವವರೆಗೂ ಹರಡಿದ್ದವು. ಒಂದರಲ್ಲೂ ಕೆಂಪಿರಲಿಲ್ಲ. ನೀರೆಲ್ಲ ಬೂದು ಬಣ್ಣ. ಗಾಳಿ ನಿಂತಿತ್ತು. ಬದುವಿನ ಮೇಲೆ ಉಪ್ಪಿನ ರಾಶಿಗಳನ್ನು ತೆಂಗಿನ ಗರಿಗಳಿಂದ ಮುಚ್ಚಿದ್ದರು. ಅಷ್ಟು ದೊಡ್ಡ ಬಯಲಿನಲ್ಲಿ ಒಬ್ಬರೇ ಒಬ್ಬರು ನಡೆಯುತ್ತಿದ್ದರು. ಅವರ ಹೆಜ್ಜೆಯ ಪಚಪಚ ಸದ್ದು ಅವರಿಗಿಂತ ಬಹಳ ಮುಂದೆಯೇ ನನ್ನನ್ನು ತಲುಪುತ್ತಿತ್ತು.

ಬೊಮ್ಮಯ್ಯ ಎಂದು ಅವರ ಹೆಸರು. ಅರವತ್ತರ ಹತ್ತಿರದ ವಯಸ್ಸು, ಮೂವತ್ತು ಬೇಸಗೆಯಿಂದ ಅಲ್ಲೇ ಕೆಲಸ.

‘ಎಂತ ಅಕ್ಕೋರೆ, ಮಳಿ ಹೊಡ್ದ ಮ್ಯಾಲೆ ಬಂದ್ರಲಾ. ಉಪ್ಪು ಬೇಕಿತ್ತಾ?’

ಕೆಂಪು ನೀರು ಬೇಕಿತ್ತೆಂದೆ. ಅವರು ನಗಲಿಲ್ಲ.

‘ಸೋಮಾರದವರೆಗೂ ಇತ್ತು. ಈ ಮಡಿ, ಆ ಮಡಿ, ಎಲ್ಲ ಕುಂಕುಮ ಕದಡ್ದ ಹಂಗೆ. ರಾತ್ರಿ ಮೂರು ತಾಸು ಹೊಡ್ತು, ಬೆಳಿಗ್ಗೆ ಯಾರೂ ಇಲ್ಲ.’

ಕಡ್ಡಿಯನ್ನು ನಾಲ್ಕು ಮಡಿಗಳಲ್ಲಿ ಇಳಿಸಿ ನೋಡಿದೆ. ಇಪ್ಪತ್ತೈದರ ಹತ್ತಿರ ನಿಲ್ಲಬೇಕಾದದ್ದು ಒಂಬತ್ತರಲ್ಲಿ ನಿಂತಿತು. ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರೆ ಒಡೆದ ಸಿಪ್ಪೆಯಂಥ ಚೂರುಗಳು ಮಾತ್ರ. ನಾನು ಒಂಬತ್ತು ಫ್ಲಾಸ್ಕಿನಲ್ಲಿ ಮಾಡಿದ್ದನ್ನು ಮಳೆ ಇಡೀ ಆಗರಕ್ಕೆ ಮಾಡಿತ್ತು.

ಅಷ್ಟರಲ್ಲಿ ಬೊಮ್ಮಯ್ಯ ಹೊಳೆಯ ಕಡೆಯ ತೂಬಿನ ಹತ್ತಿರ ಹೋಗಿ ನಿಂತರು. ಮಳೆಯ ನೀರನ್ನು ಹೊರಗೆ ಬಿಡಬೇಕಿತ್ತು. ಹಲಗೆಗೆ ಕೈ ಹಾಕುವ ಮೊದಲು ನೀರಿನ ಕಡೆ ಬಾಗಿ ‘ಹೋಯ್, ಎತ್ತುತೆ’ ಎಂದು ಕೂಗಿದರು. ಸ್ವಲ್ಪ ಹೊತ್ತು ಕಾದರು. ಉತ್ತರ ಬಂದವರಂತೆ ತಲೆಯಾಡಿಸಿ ಹಲಗೆ ಎತ್ತಿದರು.

‘ಯಾರನ್ನು ಕರೆದದ್ದು?’ ಎಂದು ಕೇಳಿದೆ.

‘ಯಾರನ್ನೂ ಇಲ್ಲ. ಯಾರಿದ್ರೂ ಸರೀಲಿ ಅಂತ. ನಮ್ಮ ಅಪ್ಪನೂ ಕೂಗ್ತಿದ್ದ.’

ಹೊರಡುವಾಗ ಅವರೇ ಒಂದು ಮಾತು ಹೇಳಿದರು. ಕೆಲವು ವರ್ಷ ಭಟ್ಕಳದ ಸಾಹೇಬರೊಬ್ಬರು ಇಲ್ಲಿಂದ ಕೆಂಪು ನೀರು ತರಿಸಿಕೊಳ್ಳುತ್ತಿದ್ದರಂತೆ, ಬಣ್ಣ ಮಾಡಲಿಕ್ಕೆ. ‘ಇಸ್ಮಾಯಿಲ್ ಸಾಹೇಬ್ರು. ಪೇಟೆಲಿ ಅತ್ತರ್ ಅಂಗಡಿ. ಅವರ ಹತ್ರ ಇದ್ರೂ ಇರಬಹುದು.’ ನೀರು ಒಯ್ಯುತ್ತಿದ್ದವರು ಯಾರು ಎಂದೆ. ಬೊಮ್ಮಯ್ಯ ತೂಬಿನ ಕಡೆ ನೋಡಿದರು. ‘ಇದ್ದ ಒಬ್ಬ’ ಎಂದರು.

ಆ ರಾತ್ರಿ ಕುಮಟೆಯ ವಸತಿಗೃಹದಲ್ಲಿ ಉಳಿದೆ. ಒಂಟಿ ಹೆಣ್ಣುಮಗಳಿಗೆ ಕೋಣೆ ಕೊಡಲು ಮೇಜಿನವರು ಹಿಂದೆಮುಂದೆ ನೋಡಿದರು. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದ ಮೇಲೆ ಒಪ್ಪಿದರು.

ಶುಕ್ರವಾರ ಏಳೂಕಾಲಿನ ಭಟ್ಕಳ ಬಸ್ಸು. ಇಪ್ಪತ್ನಾಲ್ಕು ರೂಪಾಯಿ, ಎರಡು ತಾಸಿಗೆ ಸ್ವಲ್ಪ ಕಡಿಮೆ. ಹೊನ್ನಾವರದಲ್ಲಿ ಹತ್ತು ನಿಮಿಷ ನಿಂತಾಗ ಬನ್ಸ್ ಮತ್ತು ಚಹಾ ಸಿಕ್ಕಿತು. ಶರಾವತಿಯ ಉದ್ದದ ಸೇತುವೆ ದಾಟುವಾಗ ಎಡಗಡೆ ಹೊಳೆಯ ಕಂದು ನೀರೂ ಬಲಗಡೆ ಕಡಲಿನ ಹಸಿರು ನೀರೂ ಸೇರುವ ಗೆರೆ ಸ್ಪಷ್ಟವಾಗಿ ಕಂಡಿತು. ಇಡಗುಂಜಿಯ ಗಣಪತಿಗೆ ಹೋಗುವವರು ಕೈಯಲ್ಲಿ ಗರಿಕೆಯ ಕಟ್ಟು ಹಿಡಿದು ಅಡ್ಡದಾರಿಯ ಹತ್ತಿರ ಇಳಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ‘ನೀವು ಇಳಿಯುದಿಲ್ವಾ?’ ಎಂದು ಕೇಳಿದರು. ಇಳಿದಿದ್ದರೆ ಒಳ್ಳೆಯದಿತ್ತೇನೋ ಎಂದು ಆಮೇಲೆ ಒಂದೆರಡು ಸಲ ಅನಿಸಿದ್ದಿದೆ.

ಭಟ್ಕಳದ ಪೇಟೆಯಲ್ಲಿ ಇಸ್ಮಾಯಿಲ್ ಸಾಹೇಬರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ದುಬೈಯ ಸೋಪು, ಸೆಂಟು, ಸುರ್ಮಾ, ಅತ್ತರು ಇಟ್ಟಿದ್ದ ಒಂದು ಕೋಣೆ. ಸಾಹೇಬರು ಬಿಳಿ ಗಡ್ಡದ, ತೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಒಳಗೆ ಮಗಳೊಡನೆ ನವಾಯತಿಯಲ್ಲಿ ಮಾತಾಡುತ್ತಿದ್ದವರು ನನ್ನ ಕೆಲಸ ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದರು.

‘ಓಹೋ, ನಿಮಗೂ ಹಿಡೀತಾ ಆ ಹುಚ್ಚು? ಕೂತ್ಕೊಳ್ಳಿ ಬೇಟಿ. ಬಿಸಿ ಸುಲೈಮಾನಿ ಚಾ ಕುಡೀರಿ ಮೊದಲು.’

ಅವರು ಕಪಾಟಿನ ಕೆಳಖಾನೆಯಿಂದ ಒಂದು ಪೆಟ್ಟಿಗೆ ಎಳೆದರು. ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಡಬ್ಬಿಗಳು, ಎಣಿಸಿದೆ, ಮೂವತ್ತೊಂದು. ಎಲ್ಲದರೊಳಗೂ ಸುಣ್ಣದಂತೆ ಬೆಳ್ಳಗಿನ ಮೇಣ.

‘ಮಾಡಿದಾಗ ಸಂಜೆಯ ಆಕಾಶ ಇದ್ದ ಹಾಗೆ ಇತ್ತು. ಕೊಬ್ಬರಿ ಎಣ್ಣೇಲಿ ತೆಗೆದು, ಜೇನುಮೇಣ ಹಾಕಿ. ಮದುವೆ ಮನೆಯವರು ಕೇಳಿ ಒಯ್ದರು. ಎರಡು ತಿಂಗಳು. ಆಮೇಲೆ ಒಂದೊಂದೇ ಬಿಳಿ! ಒಬ್ಬಳು ಬಂದು ಡಬ್ಬಿ ನನ್ನ ಮುಂದೆ ಕುಕ್ಕಿದಳು. ಸಾಹೇಬ್ರೆ, ಇದು ಮದುಮಗಳಿಗಾ, ಮಯ್ಯತ್ತಿನ ಹೆಣಕ್ಕಾ ಅಂತ.’

ನಕ್ಕರು. ನಾನೂ ನಕ್ಕೆ. ಒಂದು ಡಬ್ಬಿಯ ಮುಚ್ಚಳ ತಿರುಗಿಸಿದೆ. ಮುಚ್ಚಳದ ನೆರಳಿದ್ದಲ್ಲಿ, ಅಂಚಿಗೆ ಅಂಟಿದ್ದ ತೆಳುವಾದ ಉಂಗುರದಲ್ಲಿ ಮಾತ್ರ ಕಿತ್ತಳೆ ಬಣ್ಣ ಇನ್ನೂ ಹೊಸದಾಗಿತ್ತು. ಬೆಳಕಿಗೆ ಈ ಬಣ್ಣ ನಿಲ್ಲುವುದಿಲ್ಲ. ಜೀವಂತ ಪಾಚಿಯನ್ನು ಬೆಳಕಿನಿಂದ ಕಾಯುವುದೇ ಈ ಬಣ್ಣ. ಪಾಚಿಯಿಂದ ಹೊರಬಂದ ಮೇಲೆ ಅದನ್ನು ಕಾಯುವವರಿಲ್ಲ. ಹಾಗೆಂದು ಹೇಳಿದೆ. ಸಾಹೇಬರು ನಗು ನಿಲ್ಲಿಸಿ ಬಹಳ ಹೊತ್ತು ಆ ಉಂಗುರವನ್ನೇ ನೋಡಿದರು.

ಕೆಂಪು ನೀರು ಉಳಿದಿದೆಯೇ ಎಂದು ಕೇಳಿದೆ.

‘ನನ್ನ ಹತ್ರ ಇಲ್ಲ. ಮಂಕಿಲಿ ಇದೆ. ಒಂದು ಭರಣಿ.’ ದಾರಿ ಬರೆದುಕೊಟ್ಟರು. ಬರೆಯುತ್ತಲೇ ಹೇಳಿದರು. ನೀರು ತರುತ್ತಿದ್ದವನು ಜಟ್ಟಪ್ಪ, ಮಂಕಿಯವನು, ಬೇಸಗೆಯಲ್ಲಿ ಆಗರಕ್ಕೆ ಹೋಗುತ್ತಿದ್ದ. ಆರು ವರ್ಷದ ಹಿಂದೆ, ಹಂಗಾಮಿನ ಕೊನೆಯ ದಿನ, ‘ಇನ್ನೆರಡು ಕ್ಯಾನು ಬೇಕು’ ಎಂದು ಇವರು ಹೇಳಿಕಳಿಸಿದ್ದರು. ಆವತ್ತು ಮಳೆ ಬಂತು. ತೂಬಿನ ಹತ್ತಿರ ನೀರು ನುಗ್ಗಿತು. ಕ್ಯಾನುಗಳು ಸಿಕ್ಕವು, ಜಟ್ಟಪ್ಪ ಸಿಗಲಿಲ್ಲ.

‘ಅದಕ್ಕೂ ಮೊದಲು ತಂದದ್ದು ಒಂದು ಭರಣಿ ಅವನ ಮನೇಲೇ ಉಳೀತು. ನಾನು ಕೇಳಲಿಲ್ಲ. ಹೇಗೆ ಕೇಳೋದು? ನನ್ನ ಹೆಸರು ಹೇಳ್ಬೇಡಿ ಅಲ್ಲಿ.’

ಮಂಕಿಗೆ ಭಟ್ಕಳದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಹೆದ್ದಾರಿಯಿಂದ ಕಡಲಿನ ಕಡೆಗೆ ತೆಂಗಿನ ತೋಟಗಳ ನಡುವೆ ಇಪ್ಪತ್ತು ನಿಮಿಷ ನಡೆದೆ. ಬಿಸಿಲು ಸುಡುತ್ತಿತ್ತು. ಬೇಲಿಗಳ ಮೇಲೆ ಬಲೆ ಒಣಗಿಸಿದ್ದರು. ಜಟ್ಟಪ್ಪನ ಹೆಂಡತಿ ಮಾದೇವಿ ಅಂಗಳದಲ್ಲಿ ಹಲಸಿನ ಹಪ್ಪಳ ತಿರುವಿಹಾಕುತ್ತಿದ್ದರು. ನಲವತ್ತೈದರ ವಯಸ್ಸು, ಗಟ್ಟಿಮುಟ್ಟಾದ ಮೈ. ಹಣೆಯಲ್ಲಿ ದೊಡ್ಡ ಕುಂಕುಮ, ಕೊರಳಲ್ಲಿ ಕರಿಮಣಿ. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

‘ಇಸ್ಮಾಯಿಲ್ ಸಾಹೇಬ್ರು ಕಳ್ಸಿದ್ರಾ?’

ದಾರಿ ಬರೆದುಕೊಟ್ಟ ಚೀಟಿಯನ್ನು ನಾನು ಚೀಲದೊಳಗೆ ತುರುಕಿದೆ.

‘ನಿಮ್ಮ ಬಟ್ಟೆಲೇ ಅತ್ತರ್ ವಾಸನಿ ಬತ್ತದೆ. ಆರು ವರ್ಷ ಆತು, ಆ ಮನುಷ್ಯಂಗೆ ಈ ದಾರಿ ಮರ್ತು ಹೋಗದೆ. ಬನ್ನಿ, ಒಳಗೆ ಬನ್ನಿ. ನೀರು ಕುಡೀರಿ.’

ನಾನು ಯಾಕೆ ಬಂದೆನೆಂದು ಹೇಳಿದೆ. ಫ್ಲಾಸ್ಕುಗಳನ್ನು ತೊಳೆದದ್ದನ್ನೂ ಹೇಳಿದೆ. ಯಾರಿಗೂ ಹೇಳದೆ ಇದ್ದದ್ದನ್ನು ಆ ಅಂಗಳದಲ್ಲಿ ಯಾಕೆ ಹೇಳಿದೆನೋ ಗೊತ್ತಿಲ್ಲ. ಮಾದೇವಿ ಹಪ್ಪಳ ಬಿಟ್ಟು ಎದ್ದು ನಿಂತರು.

‘ಸಿಹಿನೀರು ಹಾಕಿದ್ರಾ? ಎಷ್ಟು ಓದೀರಿ ನೀವು?’

‘ಹದಿನೇಳು ವರ್ಷ.’

‘ನಾ ಓದಿದ್ದು ನಾಲ್ಕನೇ ಇಯತ್ತೆ. ಆರು ವರ್ಷ ಆತು, ಒಂದು ಹನಿ ಸಿಹಿನೀರು ತಾಗಿಸಲಿಲ್ಲ. ನೀರು ಆರಿದ್ರೆ ಕಡಲಿನ ನೀರೇ ಬತ್ತಿಸಿ, ತಣಿಸಿ ಹಾಕುದು.’

ಭರಣಿ ನೋಡಬಹುದೇ ಎಂದರೆ ಒಪ್ಪಲಿಲ್ಲ. ‘ಈಗ ಬಿಸಿಲು ಆಚಿಗೆ ಹೋತು. ಅವರು ತಳಕ್ಕೆ ಕೂತಿರ್ತ್ರು. ಬೆಳಿಗ್ಗೆ ನೋಡಿ. ಉಳೀರಿ ಇಲ್ಲೇ.’ ‘ಅವರು’ ಎಂದಾಗ ಅವರ ಕೈ ಪಕ್ಕದ ಕೋಣೆಯತ್ತ ಹೋಯಿತು. ನಾನು ಉಳಿದೆ. ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ, ಸುಟ್ಟ ಹಪ್ಪಳ ತಿಂದು ಬೇಗ ಮಲಗಿದೆವು. ನಿದ್ದೆ ಚೆನ್ನಾಗಿ ಬಂತು. ಆ ಮನೆಯ ಕತ್ತಲೆ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಮರುದಿನದ ಬಿಸಿಲು.

ಶನಿವಾರ ಬೆಳಿಗ್ಗೆ ಏಳಕ್ಕೆ ಮಾದೇವಿ ಕೋಣೆಯ ಬಾಗಿಲು ತೆರೆದರು. ಪೂರ್ವದ ಗೋಡೆಯಲ್ಲಿ ಒಂದೇ ಕಿಟಕಿ, ಅದಕ್ಕೆ ಐದು ಕಬ್ಬಿಣದ ಸರಳು. ಕಿಟಕಿಯಿಂದ ಎರಡು ಗೇಣು ಒಳಗೆ, ಹಲಗೆಯ ಮೇಲೆ, ಮಿಠಾಯಿ ಅಂಗಡಿಯಲ್ಲಿ ಇರುವಂಥ ಅಗಲ ಬಾಯಿಯ ಗಾಜಿನ ಭರಣಿ. ಕಿಟಕಿಯ ಕದ ಮುಚ್ಚಿದ್ದಾಗ ನೀರು ಬರಿ ಮಬ್ಬು, ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ. ಮಾದೇವಿ ಕದ ತೆಗೆದು ನನ್ನನ್ನು ಗೋಡೆಗೆ ಸರಿಸಿ ನಿಲ್ಲಿಸಿದರು. ‘ಅಡ್ಡ ಬರಬ್ಯಾಡಿ’ ಎಂದರು.

ಬಿಸಿಲು ಭರಣಿಯ ಮೇಲೆ ಬಿತ್ತು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಸಿಯಿಂದ ಕೆಂಪು ಹೊಗೆಯಂಥದ್ದು ಮೇಲೆದ್ದು ಕಿಟಕಿಯ ಕಡೆಗೆ ಸರಿಯತೊಡಗಿತು. ಅರ್ಧ ತಾಸಿನಲ್ಲಿ ಭರಣಿಯ ಕಿಟಕಿಯ ಬದಿ ಪೂರ್ತಿ ಕೆಂಪಾಯಿತು. ನಮ್ಮ ಬದಿ ತಿಳಿಯಾಯಿತು. ಈ ಪಾಚಿಗೆ ಎರಡು ಕೂದಲಿನಂಥ ಬಾಲಗಳಿವೆ, ಬೆಳಕಿನ ಕಡೆಗೆ ಈಜುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಕಣ್ಣೆದುರು ಒಂದು ಭರಣಿ ನೀರು ಎದ್ದು ಕಿಟಕಿಗೆ ಹೋಗಿ ನಿಲ್ಲುವುದು ಬೇರೆ.

‘ಕಂಡ್ರಾ?’ ಎಂದರು ಮಾದೇವಿ. ‘ದಿನಾ ಬತ್ತ್ರು. ಅದಕ್ಕೇ ನಾ ತಿಥಿ ಮಾಡ್ಸಲಿಲ್ಲ. ಮೈದುನ ಹೇಳ್ತ, ಮಾಡ್ಸು ಅತ್ತಿಗೆ, ಊರು ಮಾತಾಡ್ತದೆ ಅಂತ. ಓಡಾಡೋರಿಗೆ ಹೆಂಗೆ ತಿಥಿ ಮಾಡ್ಸುದು?’

ಸರಳುಗಳ ನೆರಳು ಬಿದ್ದಲ್ಲಿ ಪಾಚಿ ನಿಲ್ಲದೆ ಬೆಳಕಿಗೆ ಸರಿದುಕೊಂಡಿತ್ತು. ಹಾಗಾಗಿ ಕೆಂಪಿನ ನಡುವೆ ಐದು ಪೇಲವ ಗೆರೆಗಳು ಮೂಡಿದ್ದವು. ಅದೂ ಅರ್ಥವಾಗುವಂಥದ್ದೇ. ನಾನು ಪುಸ್ತಕ ತೆಗೆದು ಚಿತ್ರ ಬರೆಯತೊಡಗಿದೆ. ಗೆರೆ ಎಣಿಸಿದೆ. ಮತ್ತೆ ಎಣಿಸಿದೆ. ಆರು ಇದ್ದವು.

ಆರನೆಯದು ಬಲಗಡೆ, ಉಳಿದವಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಅಂಚು ಮೆತ್ತಗೆ. ಕಿಟಕಿಯ ಆ ಭಾಗದಲ್ಲಿ ಏನೂ ಇರಲಿಲ್ಲ. ಹೊರಗೆ ಹೋಗಿ ನೋಡಿದೆ. ಕಂಬವಿಲ್ಲ, ಮರವಿಲ್ಲ, ಬರಿ ಅಂಗಳ. ಗಾಜಿನ ದೋಷವಿರಬೇಕೆಂದು ಮಾದೇವಿಯ ಅನುಮತಿ ಕೇಳಿ ಭರಣಿಯನ್ನು ಅರ್ಧ ಸುತ್ತು ತಿರುಗಿಸಿದೆ. ಕೆಂಪು ಕದಡಿತು, ಮತ್ತೆ ಈಜಿ ಬಂತು, ಇಪ್ಪತ್ತೈದು ನಿಮಿಷದಲ್ಲಿ ಐದು ಗೆರೆ ಮೂಡಿದವು. ಆರನೆಯದು ಅದೇ ಬಲಗಡೆ. ಬಿಸಿಲು ಏರಿದಂತೆ ಸರಳುಗಳ ಗೆರೆಗಳು ಮೆಲ್ಲಗೆ ಎಡಕ್ಕೆ ಬೆರಳಗಲ ಸರಿದವು. ಆರನೆಯದು ಸರಿಯಲಿಲ್ಲ. ದುಂಡು ಗಾಜು ಬೆಳಕನ್ನು ಬಾಗಿಸುತ್ತದೆ, ಅದರಿಂದ ಇರಬಹುದು ಎಂದು ಬರೆದುಕೊಂಡೆ. ಬರೆದದ್ದನ್ನು ನಾನೇ ನಂಬಲಿಲ್ಲ.

‘ಅಲ್ಲೇ ನಿಲ್ಲುದು ಅವರು, ಪೇಟಿಗೆ ಹೊರಡುವಾಗ’ ಎಂದರು ಮಾದೇವಿ. ‘ಹೊರಗಿಂದ ಸರಳು ಹಿಡ್ಕಂಡು, ಎಂತ ತರ್ಲಿ ಹೇಳು, ಅಂತ.’

ನಾನು ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೆಂಪು ಮೊಟ್ಟೆಗಳಂಥ ನೂರಾರು ಕಣಗಳು ಬಾಲ ಬಡಿಯುತ್ತ ಓಡುತ್ತಿದ್ದವು. ಇಷ್ಟು ಚೆನ್ನಾಗಿ ಬಣ್ಣ ತುಂಬಿದ ಪಾಚಿಯನ್ನು ನಮ್ಮ ಪ್ರಯೋಗಾಲಯದಲ್ಲಿ ನಾನು ನೋಡಿರಲಿಲ್ಲ. ಮಾದೇವಿಯೂ ಬಗ್ಗಿ ನೋಡಿದರು. ‘ಅಯ್ಯೋ ದೇವ್ರೇ, ಎಂತಾ ಗಡಿಬಿಡಿ ಇವಕ್ಕೆ’ ಎಂದು ನಕ್ಕರು.

ಅರ್ಧ ಬಾಟಲಿ ಕೊಡಿ ಎಂದು ಕೇಳಿದೆ. ಯಾತಕ್ಕೆ ಎಂದರು. ಅಧ್ಯಯನಕ್ಕೆ ಎಂದು ಹೇಳಿ ಮುಗಿಸಬಹುದಿತ್ತು. ನಾಲಗೆಯ ತುದಿಯಲ್ಲಿ ಅದೇ ಇತ್ತು. ಆದರೆ ಆ ಕಿಟಕಿಯ ಎದುರು ಸುಳ್ಳು ಹೊರಡಲಿಲ್ಲ. ಹೆಂಗಸರ ತುಟಿಗೆ, ಕೆನ್ನೆಗೆ ಹಚ್ಚುವ ಬಣ್ಣಕ್ಕೆ ಎಂದೆ.

ಮಾದೇವಿ ಒಂದು ಕ್ಷಣ ನೋಡಿ, ಸೆರಗು ಬಾಯಿಗೆ ಹಿಡಿದು ಕೂತುಬಿಟ್ಟರು. ನಗುತ್ತಿದ್ದರು.

‘ಹುಬ್ಬಳ್ಳಿ ಹೆಂಗಸ್ರ ತುಟಿಗೆ ನಮ್ಮನೆಯೋರಾ! ನನ್ನ ಮುಖವೇ ಸಮಾ ನೋಡ್ದೋರಲ್ಲ, ಮಾರಾಯ್ತಿ!’

ನಗು ನಿಂತ ಮೇಲೆ ಕೇಳಿದರು. ‘ಬಣ್ಣ ತೆಗಿಯುದು ಹೆಂಗೆ?’

‘ಸಿಹಿನೀರು ಹಾಕಿ’ ಎಂದೆ. ‘ಒಡೆದ ಮೇಲೆ ಎಣ್ಣೆಯಲ್ಲಿ ಬಣ್ಣ ಬರುತ್ತದೆ. ಬೇಕೆಂದೇ ಹಾಕುವುದು ಬೇರೆ, ನಾನು ಹಾಕಿದ್ದು ಬೇರೆ. ಆದರೆ ಪಾಚಿಗೆ ಎರಡೂ ಒಂದೇ.’

ಅವರು ಕಿಟಕಿಯತ್ತ ತಿರುಗಿ ಕೂತರು. ಹಪ್ಪಳಕ್ಕೆ ಬಂದ ಕಾಗೆಯನ್ನು ಓಡಿಸಲೂ ಏಳಲಿಲ್ಲ. ‘ಅವರು ಹೋದದ್ದೂ ಸಿಹಿನೀರಿಗೇ’ ಎಂದರು ಕೊನೆಗೆ. ‘ಮಳಿ ನೀರು ನುಗ್ಗಿ. ನನ್ನ ಕಣ್ಣೆದುರಿಗೆ ಮಾಡಿ ತೋರ್ಸಿ. ಒಂದು ಲೋಟ. ನೋಡ್ಬೇಕು ನಾ. ಆಮೇಲೆ ಬಾಟ್ಲಿ ಕೊಡ್ತೆ.’

ಅಡಿಗೆಮನೆಯ ನೆಲದಲ್ಲಿ ಕೂತೆವು. ಸ್ಟೀಲಿನ ಲೋಟದಲ್ಲಿ ಕೆಂಪು ನೀರು. ಅದನ್ನು ನನ್ನ ದೊಡ್ಡ ಬಾಟಲಿಗೆ ಹಾಕಿ, ಬಾವಿಯ ನೀರನ್ನು ನಾಲ್ಕು ಲೋಟ ಸುರಿದೆ. ಐದು ನಿಮಿಷದ ಮೇಲೆ ಒಂದು ಹನಿಯನ್ನು ಮಾದೇವಿಗೆ ತೋರಿಸಿದೆ. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

‘ಯಾರೂ ಇಲ್ಲ’ ಎಂದರು.

ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಕುಲುಕಿದೆ. ಒಲೆಯ ಪಕ್ಕ ಇಟ್ಟೆ. ಎಣ್ಣೆ ಮೆಲ್ಲಗೆ ಮೇಲೆ ಬಂದು ನಿಂತಿತು, ಮಾಗಿದ ಅಡಿಕೆಯ ಬಣ್ಣ. ಕೆಳಗಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಇಷ್ಟನ್ನೇ ನಾವು ಪ್ರಯೋಗಾಲಯದಲ್ಲಿ ಹಲವು ಸಲ ಮಾಡುತ್ತೇವೆ. ಹಸಿರಿನ ಅಂಶವನ್ನು ಕ್ಷಾರದಿಂದ ಕಳೆದು, ತಣಿಸಿ, ಹರಳುಗಟ್ಟಿಸಿ, ತೊಳೆದು, ಮತ್ತೆ ಹರಳುಗಟ್ಟಿಸಿ, ಬಣ್ಣವಲ್ಲದೆ ಬೇರೇನೂ ಉಳಿಯದವರೆಗೆ. ಅದನ್ನೆಲ್ಲ ವಿವರಿಸಿದೆ. ಮಾದೇವಿ ಕೇಳಿಸಿಕೊಂಡಂತೆ ಕಾಣಲಿಲ್ಲ.

‘ಬಣ್ಣ ಬ್ಯಾರೆ ಆತು, ನೀರು ಬ್ಯಾರೆ ಆತು’ ಎಂದರು. ಎದ್ದು, ಕೈ ತೊಳೆದು, ಆ ಎಣ್ಣೆಯನ್ನು ಚಮಚದಿಂದ ತೆಗೆದು ದೇವರ ಮುಂದಿನ ದೀಪಕ್ಕೆ ಹಾಕಿದರು. ಹೊಸ ಬತ್ತಿ ಇಟ್ಟು ಹಚ್ಚಿದರು. ಬೆಳಗಿನ ಹತ್ತು ಗಂಟೆ, ಹೊರಗೆ ಉರಿಬಿಸಿಲು. ಜ್ವಾಲೆಯ ಬಣ್ಣದಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಸುಮಾರು ಮುಕ್ಕಾಲು ತಾಸು ಉರಿಯಿತು. ಅಷ್ಟು ಹೊತ್ತೂ ಅವರು ಅಲ್ಲೇ ನಿಂತಿದ್ದರು. ಕರಿಮಣಿಯ ಮೇಲೆ ಒಂದು ಕೈ ಇತ್ತು. ನಾನು ನೆಲ ಒರೆಸಿದೆ.

ದೀಪ ಆರಿದ ಮೇಲೆ ಮಾದೇವಿ ನೇರ ಕೋಣೆಗೆ ಹೋದರು. ನಾನು ಹಿಂದೆ ಹೋದೆ. ಬಿಸಿಲು ಕಿಟಕಿಯನ್ನು ಇನ್ನೂ ಬಿಟ್ಟಿರಲಿಲ್ಲ.

‘ಎಣಿಸಿ’ ಎಂದರು.

ಎಣಿಸಿದೆ. ಐದು.

‘ಐದೇ ಅದೆ’ ಎಂದು ಅವರೂ ಹೇಳಿದರು, ಯಾವ ಭಾವವೂ ಇಲ್ಲದ ದನಿಯಲ್ಲಿ. ಆಮೇಲೆ ತಾವೇ ಭರಣಿಯ ಅರ್ಧ ನೀರನ್ನು ನನ್ನ ಇನ್ನೊಂದು ಒಣ ಬಾಟಲಿಗೆ ಬಗ್ಗಿಸಿ, ಒದ್ದೆ ಬಟ್ಟೆ ಸುತ್ತಿ, ಚೀಲದಲ್ಲಿಟ್ಟರು. ‘ಮುಂದಿನ ವಾರ ಮೈದುನನ ಕರೀತೆ. ತಿಥಿ ಮಾಡ್ಸಿಬಿಡ್ವ. ನೀವು ಮುಟ್ಟಿದ ಮೇಲೆ ಒಂದು ಕಾರ್ಡ್ ಹಾಕಿ. ಅಲ್ಲಿ ಹೆಂಗದೆ ಅಂತ.’ ಬಾಟಲಿಯನ್ನೇ ನೋಡುತ್ತ ಇನ್ನೊಂದು ಮಾತು ಸೇರಿಸಿದರು. ‘ಕಿಟಕಿ ಬದಿಗೆ ಕೂತ್ಕಳ್ಳಿ ಬಸ್ಸಲ್ಲಿ.’

ಬೇಲಿ ದಾಟಿ ತಿರುಗಿ ನೋಡಿದಾಗ ಅವರು ಹೊರಗಿನಿಂದ ಕಿಟಕಿಯ ಸರಳು ಹಿಡಿದು, ಒಳಗೆ ನೋಡುತ್ತ ನಿಂತಿದ್ದರು.

ಹೊನ್ನಾವರ, ಕುಮಟೆ, ಶಿರಸಿ, ಹುಬ್ಬಳ್ಳಿ. ಕಿಟಕಿ ಬದಿಯ ಸೀಟು ಎಲ್ಲ ಬಸ್ಸಿನಲ್ಲೂ ಸಿಕ್ಕಿತು. ದೇವಿಮನೆ ಏರುವಾಗ ಮೋಡ ಕವಿದು ನಾಲ್ಕು ಹನಿ ಬಿತ್ತು. ನಾನು ಕಿಟಕಿಯ ಗಾಜು ಮುಚ್ಚಿ ಬಾಟಲಿಯನ್ನು ಮಡಿಲಿಗೆ ತೆಗೆದುಕೊಂಡೆ. ಪಕ್ಕದವರು ‘ಏನು, ಎಳ್ಳೆಣ್ಣೆಯಾ?’ ಎಂದರು. ಹೌದೆಂದೆ.

ಭಾನುವಾರ ಪ್ರಯೋಗಾಲಯದಲ್ಲಿ ಉಪ್ಪುನೀರನ್ನು ಸಿದ್ಧಮಾಡಿ, ಮೂರು ಸಲ ಅಳೆದು, ಪಾಚಿಯನ್ನು ಚಪ್ಪಟೆ ಗಾಜಿನ ತೊಟ್ಟಿಗೆ ಬಿಟ್ಟೆ. ಎದುರಿಗೆ ಒಂದು ಮೇಜುದೀಪ. ಸೋಮವಾರ ಹನ್ನೊಂದಕ್ಕೆ ಸರ್ ಮತ್ತು ಕಾರ್ಖಾನೆಯ ಮಾಲೀಕರು ಬಂದರು. ದೀಪದ ಸ್ವಿಚ್ಚು ಹಾಕಿ, ಅಲ್ಲೇ ದೀಪಕ್ಕೂ ತೊಟ್ಟಿಗೂ ನಡುವೆ ನಿಂತು, ಒಂಬತ್ತು ಫ್ಲಾಸ್ಕುಗಳ ವಿಷಯ ಹೇಳಿದೆ. ಯಾವ ದಿನ, ಎಷ್ಟು ನೀರು, ಆಮೇಲೆ ಏನು ಸುಳ್ಳು ಹೇಳಿದೆ, ಎಲ್ಲ. ಇಪ್ಪತ್ತು ನಿಮಿಷವಾಗಿರಬೇಕು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

‘ಮೊದಲ ದಿನವೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತಲ್ಲಮ್ಮ’ ಎಂದರು. ‘ಈಗ ಸರಿ, ಇದನ್ನು ತೋರಿಸು.’

ನಾನು ದೀಪದ ಎದುರಿನಿಂದ ಸರಿದೆ. ತೊಟ್ಟಿಯ ಕೆಂಪಿನ ನಡುವೆ, ನನ್ನ ನೆರಳು ಬಿದ್ದಿದ್ದಲ್ಲಿ, ಉದ್ದಕ್ಕೆ ಒಂದು ಪೇಲವ ಪಟ್ಟಿ ಮೂಡಿತ್ತು. ಸರ್‌ಗೆ ಖುಷಿಯಾಯಿತು. ಜೀವಂತ ಇದೆ, ಚುರುಕಾಗಿದೆ, ನೋಡಿ, ಇವಳು ನಿಂತ ಜಾಗ ಬಿಟ್ಟು ಬೆಳಕಿಗೆ ಹೋಗಿವೆ ಎಂದು ಮಾಲೀಕರಿಗೆ ವಿವರಿಸಿದರು. ಮಾಲೀಕರು ಬಗ್ಗಿ ನೋಡಿದರು.

‘ಕೆಲಸ ಮುಂದುವರಿಸಿ’ ಎಂದರು. ಆಮೇಲೆ, ‘ಒಂದು ಪಟ್ಟಿ ಇವರದು. ಪಕ್ಕದಲ್ಲಿ ಇನ್ನೊಂದು ಇದೆಯಲ್ಲ, ಅಗಲದ್ದು. ಅದು ಯಾರದು?’

ಸರ್ ದೀಪವನ್ನು ನೋಡಿದರು. ಒಂದೇ ದೀಪ. ಗಾಜಿನ ದೋಷವಿರಬೇಕು ಎಂದರು.

ಮಾದೇವಿಗೆ ಅವತ್ತೇ ಕಾರ್ಡು ಬರೆದೆ. ನೀರು ಕ್ಷೇಮವಾಗಿ ಮುಟ್ಟಿದೆ, ಎಲ್ಲರೂ ಓಡಾಡಿಕೊಂಡಿದ್ದಾರೆ ಎಂದಷ್ಟೇ. ಹೆಚ್ಚು ಬರೆಯಲಿಲ್ಲ. ತಿಥಿ ಮಾಡಿಸುವುದಿತ್ತು ಅವರಿಗೆ.

ಮೂರು ವಾರದ ಮೇಲೆ ತೊಟ್ಟಿಯಿಂದ ಮೊದಲ ಬಾರಿ ಬಣ್ಣ ತೆಗೆಯಬೇಕಾಯಿತು. ಒಂದು ಪಾಲು ಬೇರೆ ತೆಗೆದಿಟ್ಟೆ. ಉಳಿದದ್ದಕ್ಕೆ ಸುರಿಯಲು ಬಟ್ಟಿ ಇಳಿಸಿದ ನೀರಿನ ಬಾಟಲಿಯನ್ನು ಎತ್ತಿ ಹಿಡಿದೆ. ಪಕ್ಕದ ಮೇಜಿನಲ್ಲಿ ಜನರಿದ್ದರು, ಪ್ರಯೋಗಾಲಯದಲ್ಲಿ ಕೂಗುವಂತಿಲ್ಲ. ಬಗ್ಗಿ, ಮೆಲ್ಲಗೆ, ‘ಹೋಯ್, ಹಾಕುತ್ತೇನೆ’ ಎಂದೆ. ಬೊಮ್ಮಯ್ಯನವರಂತೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ಸುರಿದೆ.